ಪಾರುಪತ್ಯೆಗಾರನೂ ಬಸ್ಸಾರಿನ ಸೌಟೂ

ಕೇಳಿರಿ ಮಕ್ಕಳೆ. ಬಿಳಿಗುಂಡು ಎಂಬ ಒಂದು ರಾಜ್ಯವಿತ್ತು. ಬೆಳಿಗ್ಗೆ ಅಂಬಲಿ ಕುಡಿದು ಹೊರಟರೆ, ಸಂಜೆ ದನ ಕಟ್ಟುವ ಹೊತ್ತಿಗೆ ಆ ರಾಜ್ಯವನ್ನು ಪೂರಾ ಸುತ್ತಿ ಮನೆಗೆ ಬರಬಹುದಿತ್ತು. ಅಷ್ಟು ಚಿಕ್ಕ ರಾಜ್ಯಕ್ಕೆ ಆನೆ ಏಕೆಂದು, ರಾಜನು ಎತ್ತಿನ ಬಂಡಿಯಲ್ಲಿಯೇ ಓಡಾಡುತ್ತಿದ್ದನು.

ಆ ರಾಜ್ಯದ ಒಂದು ಹಳ್ಳಿಯಲ್ಲಿ ಪುಟ್ಟಮಾದಮ್ಮ ಎಂಬ ಹೆಣ್ಣುಮಗಳಿದ್ದಳು. ಅವಳದು ಕೆಲಸ ಹೆಚ್ಚು, ಮಾತು ಕಡಿಮೆ. ಅವಳ ಗಂಡ ಚಿಕ್ಕಬೋರಯ್ಯ. ಅವನದು ಕೆಲಸವೂ ಹೆಚ್ಚು, ಮಾತೂ ಹೆಚ್ಚು. ಕೆರೆಯ ಪಕ್ಕದಲ್ಲಿ ಅವರಿಗೊಂದು ಹೊಲವಿತ್ತು. ಮನೆಯ ಏಳು ಹೊಟ್ಟೆಗಳಿಗೂ ಅದೊಂದೇ ಹೊಲ.

ಆ ಹೊಲದಲ್ಲಿ ಆರು ಸಾಲು ರಾಗಿ ಬಿತ್ತಿದರೆ, ಪಕ್ಕದಲ್ಲೊಂದು ಅಕ್ಕಡಿ ಸಾಲು. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಬದುವಿನ ಮೇಲೆ ಸಾಸಿವೆ, ಮೆಣಸಿನಗಿಡ. ಮಳೆ ಬಿದ್ದರೆ ಸಾಲುಗಳ ನಡುವೆ ಯಾರೂ ಬಿತ್ತದ ಬೆರಕೆ ಸೊಪ್ಪು ತಾನಾಗಿಯೇ ಏಳುತ್ತಿತ್ತು. ಪುಟ್ಟಮಾದಮ್ಮ ಸಂಜೆ ಮನೆಗೆ ಬರುವಾಗ ಅವಳ ಮಡಿಲು ಎಂದೂ ಬರಿದಾಗಿರುತ್ತಿರಲಿಲ್ಲ.

ಆ ಹೊಲದ ಮೇಲೆ ಒಬ್ಬನ ಕಣ್ಣು ಬಿದ್ದಿತು. ಅವನು ರಾಜನ ಪಾರುಪತ್ಯೆಗಾರ ತಿಮ್ಮರಸಯ್ಯ. ಯಾರ ಹೊಲದಲ್ಲಿ ಏನು ಬೆಳೆಯುತ್ತದೆಂದು ನೋಡಿ ಪಟ್ಟಿ ಮಾಡುವುದು ಅವನ ಕೆಲಸ. ಅವನು ಒಂದು ಕಾಯಿದೆಯನ್ನು ಬರೆದು ರಾಜನ ಮುಂದೆ ಓದಿದನು. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಕಳೆ. ಬೆಳೆಗಿಂತ ಕಳೆ ಹೆಚ್ಚಿದ್ದರೆ ಆ ಹೊಲ ಬೀಳು. ಬೀಳು ಹೊಲ ಪಾರುಪತ್ಯೆಗಾರನ ಪಾಲು. ರಾಜನು ಆಗ ಎಳನೀರು ಕುಡಿಯುತ್ತಿದ್ದನು. ಕುಡಿಯುತ್ತಲೇ "ಹೂಂ" ಎಂದುಬಿಟ್ಟನು.

ತಿಮ್ಮರಸಯ್ಯ ನೆಟ್ಟಗೆ ಆ ಹಳ್ಳಿಗೆ ಬಂದು, ಬಂಡಿ ಕಟ್ಟುತ್ತಿದ್ದ ಚಿಕ್ಕಬೋರಯ್ಯನನ್ನು ಹಿಡಿದನು.

"ಏನಯ್ಯ, ಹೊಲದಲ್ಲಿ ಏನು ಬೆಳೀತೀಯ?"

"ರಾಗಿ, ಬುದ್ಧಿ."

"ಇನ್ನೇನು?"

"ಇನ್ನೇನು ಬುದ್ಧಿ, ರಾಗೀನೇ. ಬಂಡಿ ತುಂಬ ರಾಗಿ!"

ಅವನು ಸುಳ್ಳು ಹೇಳಲಿಲ್ಲ. ತಾನು ಬಂಡಿಯಲ್ಲಿ ಹೇರಿ ಕಣಕ್ಕೆ ತಂದದ್ದು ಅವನ ನೆನಪಿನಲ್ಲಿತ್ತು. ಹೆಂಡತಿ ಮಡಿಲಲ್ಲಿ ಕಟ್ಟಿಕೊಂಡು ಒಲೆಗೆ ತಂದದ್ದು ಅವನ ನೆನಪಿಗೆ ಬರಲೇ ಇಲ್ಲ. ತಿಮ್ಮರಸಯ್ಯ ಪಟ್ಟಿಯಲ್ಲಿ 'ರಾಗಿ, ಒಂದೇ' ಎಂದು ಬರೆದುಕೊಂಡನು. ಆಮೇಲೆ ಹೊಲಕ್ಕೆ ಹೋಗಿ ಬದುವಿನ ಮೇಲೆ ನಿಂತು ನೋಡಿದನು.

"ಬೆಳೆ ಒಂದು, ಕಳೆ ಹತ್ತಾರು. ಈ ಹೊಲ ಬೀಳು. ಇಂದಿಗೆ ಮೂರನೆಯ ದಿನ ಮಹಾರಾಜರು ಬಂದು ಮುದ್ರೆ ಒತ್ತುತ್ತಾರೆ" ಎಂದು ಸಾರಿದನು.

ಚಿಕ್ಕಬೋರಯ್ಯ ಮನೆಗೆ ಬಂದು ಗೋಡೆಗೆ ಒರಗಿ ಕುಳಿತನು. ನಡೆದದ್ದನ್ನೆಲ್ಲ ಹೇಳಿದನು. ಪುಟ್ಟಮಾದಮ್ಮ ಕೇಳಿದಳು.

"ಅಲ್ಲ ಕಣಯ್ಯಾ, ರಾಗಿ ಒಂದೇ ಅಂದುಬಿಟ್ಟೆಯಾ? ನಿನ್ನೆ ಮುದ್ದೇನ ಯಾವುದರಲ್ಲಿ ಅದ್ದಿ ನುಂಗಿದೆ?"

"ಸಾರಿನಲ್ಲಿ."

"ಆ ಸಾರು ಎಲ್ಲಿಂದ ಬಂತು?"

"ಒಲೆ ಮೇಲಿಂದ."

ಪುಟ್ಟಮಾದಮ್ಮನಿಗೆ ಅಳು ಬರುತ್ತಿತ್ತು. ಅದರ ನಡುವೆಯೂ ನಗು ಬಂದಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹುಟ್ಟಿದಾಗಿನಿಂದ ಕಾಲಿಡದ ಚಾವಡಿಗೆ ಹೋದಳು. ಅಲ್ಲಿ ಊರ ಗೌಡರ ಪಕ್ಕದಲ್ಲಿ ತಿಮ್ಮರಸಯ್ಯ ಎಲೆಯಡಿಕೆ ಹಾಕುತ್ತಿದ್ದನು.

"ಬುದ್ಧಿ, ನಮ್ಮ ಹೊಲದಲ್ಲಿ ಇನ್ನೂ ಬೇಕಾದಷ್ಟು ಬೆಳೆ ಇವೆ. ನಾನು ಹೇಳ್ತೀನಿ, ಬರಕೊಳ್ಳಿ."

"ಹೆಂಗಸರು ಹೇಳಿದ್ದು ಪಟ್ಟಿಗೆ ಸೇರೋದಿಲ್ಲ, ಹೋಗಮ್ಮ. ಗೌಡರ ಎದುರಿಗೆ ನನ್ನ ಬಾಯಿಂದ ಬಂದ ಹೆಸರು ಮಾತ್ರ ಸೇರುತ್ತೆ. ನನ್ನ ಬಾಯಿಂದ ಬರೋದು ರಾಗಿ ಒಂದೇ!"

ಪುಟ್ಟಮಾದಮ್ಮ ಒಂದು ಗಳಿಗೆ ಅವನ ಬಾಯಿಯನ್ನೇ ನೋಡಿದಳು. ಎಲೆಯಡಿಕೆಯಿಂದ ಕೆಂಪಾದ, ಸದಾ ಏನನ್ನಾದರೂ ಅಗಿಯುತ್ತಿರುವ ಬಾಯಿ. "ಆಗಲಿ ಬುದ್ಧಿ" ಎಂದು ಹೇಳಿ, ಅಲ್ಲಿಂದ ನೇರವಾಗಿ ಬಾವಿಕಟ್ಟೆಗೆ ಹೋದಳು.

ಅಧಿಕಾರಿಗಳು ಊರಿಗೆ ಬಂದರೆ ದಿನಕ್ಕೊಂದು ಮನೆಯವರು ಊಟ ಹಾಕುವುದು ಆ ಊರಿನ ಪದ್ಧತಿ. ಬಾವಿಕಟ್ಟೆಯಲ್ಲಿದ್ದ ಹೆಂಗಸರಿಗೆ ಅವಳು ಹೇಳಿದಳು: "ಅಕ್ಕಂದಿರಾ, ಇವತ್ತು ನನ್ನ ಹೊಲ, ನಾಳೆ ನಿಮ್ಮದು. ಆ ಬುದ್ಧಿಯವರಿಗೆ ಅವರ ಪಟ್ಟಿಯಲ್ಲಿ ಇರೋದನ್ನ ಮಾತ್ರ ಬಡಿಸಿ. ಪಟ್ಟಿಯಲ್ಲಿ ಇಲ್ಲದ್ದು ಒಂದು ಕಾಳೂ ಬೇಡ."

ಮೊದಲನೆಯ ದಿನ ದೊಡ್ಡಸಾಕಮ್ಮನ ಮನೆಯಲ್ಲಿ ಊಟ. ತಿಮ್ಮರಸಯ್ಯನ ಎಲೆಯ ಮೇಲೆ ಹಬೆಯಾಡುವ ಒಂದು ಮುದ್ದೆ ಬಂದಿತು. ಅವನು ಕಾದನು. ಬೇರೇನೂ ಬರಲಿಲ್ಲ.

"ಸಾರು ಎಲ್ಲಮ್ಮ?"

"ಸಾರಿಗೆ ಅವರೆಕಾಳು ಬೇಕು. ಅದು ಕಳೆಯಂತೆ, ಬುದ್ಧಿ. ಕಳೆಯನ್ನು ತಮ್ಮ ಎಲೆಗೆ ಹೇಗೆ ಬಡಿಸಲಿ?"

ಬರಿಯ ಮುದ್ದೆ ಗಂಟಲಿನಲ್ಲಿ ಅರ್ಧ ದಾರಿಯವರೆಗೆ ಇಳಿದು ಅಲ್ಲಿಯೇ ನಿಂತಿತು. ಅದನ್ನು ಕೆಳಗಿಳಿಸುವುದಕ್ಕೆ ಮೂರು ಚೊಂಬು ನೀರು ಬೇಕಾಯಿತು.

ಎರಡನೆಯ ದಿನ ಚೆನ್ನಾಜಮ್ಮನ ಮನೆಯಲ್ಲಿ ಊಟ. ಎಲೆಯ ಮೇಲೆ ಎರಡು ರಾಗಿರೊಟ್ಟಿ ಬಂದವು.

"ಚಟ್ನಿ ಎಲ್ಲಮ್ಮ?"

"ಚಟ್ನಿಗೆ ಹುಚ್ಚೆಳ್ಳು ಬೇಕು. ಅದು ಕಳೆಯಂತೆ, ಬುದ್ಧಿ. ಕಳೆಯನ್ನು ತಮ್ಮ ಎಲೆಗೆ ಹೇಗೆ ಬಡಿಸಲಿ?"

"ಒಂದು ಮೆಣಸಿನಕಾಯಿಯಾದರೂ ಕೊಡು, ತಾಯಿ!"

"ಅಯ್ಯೋ, ಅದೂ ಕಳೆಯೇ ಬುದ್ಧಿ!"

ಅಂದು ತಿಮ್ಮರಸಯ್ಯ ಚಾವಡಿಗೆ ಹಿಂತಿರುಗುವಾಗ ಮನೆಮನೆಯಿಂದಲೂ ಒಗ್ಗರಣೆಯ ವಾಸನೆ ಬರುತ್ತಿತ್ತು. ಒಂದೊಂದು ಬಾಗಿಲ ಮುಂದೆಯೂ ಅವನ ಕಾಲು ತಾನಾಗಿಯೇ ನಿಧಾನವಾಗುತ್ತಿತ್ತು.

ಮೂರನೆಯ ದಿನ ಪುಟ್ಟಮಾದಮ್ಮನ ಸರದಿ. ಮುದ್ರೆ ಒತ್ತುವ ದಿನವೂ ಅದೇ. ಅವಳು ಹೊತ್ತು ಮೂಡುವ ಮೊದಲೇ ಹೊಲಕ್ಕೆ ಹೋಗಿ, ಸಾಲುಸಾಲಿನಲ್ಲಿಯೂ ಬಾಗಿ ಮಡಿಲು ತುಂಬಿಕೊಂಡು ಬಂದಳು. ಸೊಪ್ಪನ್ನೂ ಕಾಳನ್ನೂ ಬೇಯಿಸಿ, ಕಟ್ಟು ಬಸಿದು, ಖಾರ ರುಬ್ಬಿ ಬೆರೆಸಿ, ಒಂದು ದೊಡ್ಡ ಮಡಕೆ ಬಸ್ಸಾರು ಮಾಡಿದಳು. ಗೌಡರಿಗೂ ಊಟಕ್ಕೆ ಹೇಳಿ ಕಳುಹಿಸಿದಳು. ಅಷ್ಟೆಲ್ಲ ಮಾಡುವಾಗಲೂ ಅವಳಿಗೆ ಒಂದೇ ಚಿಂತೆ. ಆ ಬಾಯಿ ಇಂದು ತೆರೆಯದಿದ್ದರೆ, ನಾಳೆ ಮಕ್ಕಳ ತಟ್ಟೆಗೆ ಏನನ್ನು ಹಾಕುವುದು?

ತಿಮ್ಮರಸಯ್ಯ ಬಂದು, ಗೌಡರ ಪಕ್ಕದಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕುಳಿತನು. ಎಲೆಯ ಮೇಲೆ ಬರಿಯ ಮುದ್ದೆ. ಎದುರಿಗೆ ಬಸ್ಸಾರಿನ ಮಡಕೆ. ಪುಟ್ಟಮಾದಮ್ಮ ಮಡಕೆಯ ಮುಚ್ಚಳವನ್ನು ತೆಗೆದಳು. ತಿಮ್ಮರಸಯ್ಯನ ಕಣ್ಣು ತುಂಬಿ ಬಂದಿತು.

"ಅಮ್ಮಾ, ಒಂದು ಸೌಟು..."

"ಹೆಸರೇ ಗೊತ್ತಿಲ್ಲದ್ದನ್ನು ದೊಡ್ಡವರಿಗೆ ಬಡಿಸಬಾರದು, ಬುದ್ಧಿ. ಇದರಲ್ಲಿ ಏನೇನಿದೆ ಅಂತ ತಾವೇ ಹೇಳಿ. ಒಂದು ಹೆಸರಿಗೆ ಒಂದು ಸೌಟು."

"ಇದೇನು ಮಹಾ! ಅವರೆಕಾಳು!"

ಒಂದು ಸೌಟು ಬಿದ್ದಿತು. ಗೌಡರು ಸದ್ದಿಲ್ಲದೆ ಲೆಕ್ಕಕ್ಕೆ ಒಂದು ಹರಳುಕಲ್ಲನ್ನು ಪಕ್ಕಕ್ಕೆ ಇಟ್ಟರು.

"ತೊಗರಿ! ಅಲಸಂದೆ!"

ಎರಡು ಸೌಟು, ಎರಡು ಕಲ್ಲು. ತಿಮ್ಮರಸಯ್ಯ ಮುದ್ದೆ ಮುರಿದು ಅದ್ದಿ ನುಂಗಿದನು. ಕಣ್ಣು ಮುಚ್ಚಿಕೊಂಡು ನಾಲಿಗೆಯಲ್ಲಿಯೇ ಹುಡುಕಿದನು. ಅವನ ತಾಯಿಯೂ ಹಳ್ಳಿಯವಳೇ. ಆ ನಾಲಿಗೆಗೆ ಎಲ್ಲ ಗೊತ್ತಿತ್ತು.

"ಅಣ್ಣೆಸೊಪ್ಪು. ಕಿರಕೀರೆ. ದಂಟು. ತಡಿ, ತಡಿ... ಹೊನಗೊನೆ! ಇದು ಗಣಿಕೆಸೊಪ್ಪು. ಇಲ್ಲೊಂದು ಚೂರು ಹುಳಿ ಇದೆ, ಗೋಣಿಸೊಪ್ಪು! ಬದುವಿನ ಮೆಣಸಿನಕಾಯಿ. ಸಾಸಿವೆ. ಒಗ್ಗರಣೆ ಹುಚ್ಚೆಳ್ಳೆಣ್ಣೆಯದು. ಆಮೇಲೆ ಉಪ್ಪು!"

"ಉಪ್ಪು ನನ್ನ ಹೊಲದಲ್ಲಿ ಬೆಳೆಯೋದಿಲ್ಲ, ಬುದ್ಧಿ. ಅದಕ್ಕೆ ಸೌಟಿಲ್ಲ. ಮಿಕ್ಕಿದ್ದೆಲ್ಲ ಎಲ್ಲಿ ಬೆಳೆದದ್ದು?"

"ನಿನ್ನ ಹೊಲದಲ್ಲೇ! ಮೊನ್ನೆ ನಾನೇ ಕಣ್ಣಾರೆ ನೋಡಿಲ್ಲವೆ? ಬಡಿಸಮ್ಮ ಬೇಗ!"

ಗೌಡರು ಹನ್ನೆರಡನೆಯ ಕಲ್ಲನ್ನು ಇಟ್ಟು, ಮೆಲ್ಲಗೆ ಕೇಳಿದರು: "ಹಾಗಾದರೆ ಇವೆಲ್ಲ ಬೆಳೆಯೋ, ಕಳೆಯೋ, ಬುದ್ಧಿ?"

"ಇಷ್ಟು ರುಚಿಯಾದದ್ದನ್ನು ಕಳೆ ಅಂದವನು ಯಾವ ಮುಟ್ಠಾಳನಯ್ಯಾ?"

"ನನಗೂ ಅದೇ ತಿಳಿಯಬೇಕಾಗಿತ್ತು" ಎಂದು ಬಾಗಿಲ ಕಡೆಯಿಂದ ಒಂದು ಧ್ವನಿ ಕೇಳಿಸಿತು.

ತಿಮ್ಮರಸಯ್ಯ ತಿರುಗಿ ನೋಡಿದನು. ಮುದ್ರೆಯ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ರಾಜನು ನಿಂತಿದ್ದನು. ಅವನು ಆಗಲೇ ಬಂದು, ಅವರೆಕಾಳಿನಿಂದ ಹುಚ್ಚೆಳ್ಳಿನವರೆಗೆ ಎಲ್ಲವನ್ನೂ ಕೇಳಿಸಿಕೊಂಡಿದ್ದನು. ತಿಮ್ಮರಸಯ್ಯನಿಗೆ ಎರಡು ದಿನದ ಹಿಂದೆ ಬರಿಯ ಮುದ್ದೆ ನಿಂತ ಜಾಗದಲ್ಲಿಯೇ ಈಗ ಮಾತು ನಿಂತಿತು.

ಗೌಡರು ನಡೆದದ್ದನ್ನೆಲ್ಲ ಅರಿಕೆ ಮಾಡಿ, ಕಲ್ಲುಗಳನ್ನು ತೋರಿಸಿದರು. "ಹನ್ನೆರಡು ಹೆಸರು, ಮಹಾಸ್ವಾಮಿ. ರಾಗಿ ಸೇರಿ ಹದಿಮೂರು ಬೆಳೆ. ಎಲ್ಲವೂ ಪಾರುಪತ್ಯೆಗಾರರ ಬಾಯಿಂದಲೇ ಬಂದದ್ದು."

ರಾಜನ ಮುಖ ಕೆಂಪಾಯಿತು. ಅರ್ಧ ಕೋಪದಿಂದ, ಅರ್ಧ ನಾಚಿಕೆಯಿಂದ. "ತಪ್ಪು ನನ್ನದೂ ಇದೆ, ತಾಯಿ. ಎಳನೀರು ಕುಡಿಯುತ್ತಾ ಹೂಂಗುಟ್ಟಬಾರದಾಗಿತ್ತು. ಹೊಲ ನಿಮ್ಮದು. ಆ ಕಾಯಿದೆಯನ್ನು ನಿಮ್ಮ ಒಲೆಗೆ ಹಾಕಿ."

ಆಮೇಲೆ ತಿಮ್ಮರಸಯ್ಯನ ಕಡೆಗೆ ತಿರುಗಿದನು. "ನೀನು ಇನ್ನು ಮೇಲೆ ಬದುವಿನ ಮೇಲೆ ನಿಂತು ಪಟ್ಟಿ ಮಾಡಬೇಡ. ಮನೆಮನೆಯ ಒಲೆಯ ಮುಂದೆ ಕುಳಿತು, ಮನೆಯಾಕೆಯನ್ನು ಕೇಳಿ ಬರೆದುಕೊ. ಒಂದು ಮನೆಯ ಪಟ್ಟಿ ಪೂರ್ತಿಯಾಗುವವರೆಗೆ ಆ ಮನೆಯಲ್ಲಿ ನಿನಗೆ ಬರಿಯ ಮುದ್ದೆ."

ಇಷ್ಟು ಹೇಳಿ ರಾಜನು ಮುದ್ರೆಯ ಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟು, ಚಪ್ಪಲಿ ಬಿಟ್ಟು, ಎಲೆಯ ಮುಂದೆ ಕುಳಿತನು. ಪುಟ್ಟಮಾದಮ್ಮ ಬಡಿಸಿದಳು. ಈ ಸಲ ಅವಳು ಹೆಸರು ಕೇಳಲಿಲ್ಲ, ಸೌಟನ್ನೂ ಎಣಿಸಲಿಲ್ಲ.

ತಿಮ್ಮರಸಯ್ಯ ಆ ವರ್ಷವೆಲ್ಲ ಪಟ್ಟಿ ಮಾಡಿದನು. ಅಷ್ಟು ಚೊಕ್ಕವಾದ ಪಟ್ಟಿಯನ್ನು ಆ ರಾಜ್ಯದಲ್ಲಿ ಯಾರೂ ನೋಡಿರಲಿಲ್ಲವಂತೆ. ಒಂದು ಎಲೆಯ ಹೆಸರೂ ಬಿಟ್ಟುಹೋಗಿರಲಿಲ್ಲ.

ಆದುದರಿಂದ ಮಕ್ಕಳೆ, ಇದನ್ನು ತಿಳಿದುಕೊಳ್ಳಿರಿ. ಹೊಲದಲ್ಲಿ ಏನಿದೆಯೆಂದು ಅರಿಯಬೇಕಾದವರು ಆ ಮನೆಯವರು ಏನು ಉಣ್ಣುತ್ತಾರೆಂದು ಮೊದಲು ಕೇಳಬೇಕು; ಅಡಿಗೆ ಮಾಡುವವಳನ್ನೇ ಕೇಳಬೇಕು. ತನಗೆ ಹೆಸರು ಗೊತ್ತಿಲ್ಲವೆಂದೋ, ತನ್ನ ಆಸೆಗೆ ಅಡ್ಡವೆಂದೋ ಒಂದು ಗಿಡವನ್ನು ಕಳೆಯೆಂದು ಕೀಳಿಸುವವನು, ಯಾರದೋ ತಟ್ಟೆಯಿಂದ ಒಂದು ತುತ್ತನ್ನು ಕಿತ್ತುಕೊಳ್ಳುತ್ತಾನೆ.

ನನ್ನ ಕಥೆ ಇಷ್ಟೇ. ಏಳಿರಿ, ಕೈ ತೊಳೆದುಕೊಳ್ಳಿರಿ. ಮುದ್ದೆ ಆರಿಹೋಗುತ್ತಿದೆ.