ಹತ್ತು ಕೊಡ ನೀರು

ಕಾಡಿನಲ್ಲಿ ಆನೆಯ ಹುಲ್ಲಿನ ಮಳಿಗೆಗೆ ಬೆಂಕಿ ಬಿದ್ದು ಎಲ್ಲವೂ ಸುಟ್ಟುಹೋಯಿತು. ಮತ್ತೆ ಹಾಗಾಗಬಾರದೆಂದು, ಪ್ರತಿ ಅಂಗಡಿಯ ಒಳಗೂ ಹತ್ತು ಕೊಡ ನೀರು ತುಂಬಿಟ್ಟಿರಬೇಕು ಎಂದು ಸಿಂಹರಾಜ ನಿಯಮ ಮಾಡಿದ. ತಪಾಸಣೆಗೆ ಆಮೆಯನ್ನು ನೇಮಿಸಿದ.

ಹುಣಸೆಮರದ ಬೇರಿನ ಕೆಳಗೆ ಒಂದು ಬಿಲದಲ್ಲಿ ಇರುವೆಯೊಂದು ದಾರಿಹೋಕ ಹುಳುಗಳಿಗೆ ಎಳ್ಳು, ಬೆಲ್ಲದ ಪುಡಿ ಮಾರಿಕೊಂಡಿತ್ತು. ಆಮೆ ಅದರ ಬಾಗಿಲಿಗೂ ಬಂದು, "ನೀರೆಲ್ಲಿ?" ಎಂದು ಕೇಳಿತು.

"ಸ್ವಾಮಿ, ಒಂದು ಕೊಡ ಸುರಿದರೂ ನನ್ನ ಅಂಗಡಿ ಮುಳುಗಿಹೋಗುತ್ತದೆ. ಇಲ್ಲಿ ಬೆಂಕಿ ಬಿದ್ದರೆ ಆರಿಸಲು ನಾಲ್ಕು ಹನಿ ಸಾಕು. ಅಷ್ಟನ್ನು ಎಲೆಯಲ್ಲಿ ಹಿಡಿದಿಟ್ಟಿದ್ದೇನೆ, ನೋಡಿ," ಎಂದಿತು ಇರುವೆ.

ಆಮೆ ಕತ್ತು ಚಾಚಿ ನೋಡಿತು. "ನೀವು ಹೇಳುವುದು ಸರಿಯಾಗಿದೆ. ಆದರೆ ನಿಯಮದಲ್ಲಿ ಹನಿಯ ಮಾತಿಲ್ಲ, ಕೊಡದ ಮಾತು ಮಾತ್ರ ಇದೆ."

"ಹಾಗಾದರೆ ಇದನ್ನು ರಾಜರಿಗೆ ಬರೆದು ತಿಳಿಸಬಾರದೇ?"

"ಬರೆಯುತ್ತೇನೆ. ಉತ್ತರ ಬರುವವರೆಗೆ ನೀವು ಅಂಗಡಿ ತೆರೆಯುವಂತಿಲ್ಲ."

ಆಮೆ ಬರೆಯಿತು. ಇರುವೆ ಎರಡು ತಿಂಗಳು ಕಾಯಿತು, ಉತ್ತರ ಬರಲಿಲ್ಲ. ಅಷ್ಟರಲ್ಲಿ ಎಳ್ಳು ಮುಗ್ಗಿಹೋಯಿತು, ಗಿರಾಕಿಗಳು ಬೇರೆ ದಾರಿ ಹಿಡಿದರು. ಕೊನೆಗೆ ಅದು ಬಿಲದ ಬಾಯಿಯನ್ನು ಕಲ್ಲಿನಿಂದ ಮುಚ್ಚಿ, ಮಕ್ಕಳನ್ನು ಕರೆದುಕೊಂಡು ಹಳ್ಳದಾಚೆಗೆ ಹೋಗಿ, ಗೆದ್ದಲುಗಳ ಹುತ್ತದಲ್ಲಿ ಮಣ್ಣು ಹೊರುವ ಕೂಲಿಗೆ ಸೇರಿತು. ಸ್ವಂತ ಅಂಗಡಿ ಇತ್ತೆಂದು ಅಲ್ಲಿ ಯಾರಿಗೂ ಹೇಳಿಕೊಳ್ಳಲಿಲ್ಲ.

ವರ್ಷದ ಕೊನೆಗೆ ಆಮೆ ರಾಜಸಭೆಯಲ್ಲಿ ನಿಂತು ವರದಿ ಓದಿತು.

"ಪ್ರಭು, ನಿಯಮ ಚೆನ್ನಾಗಿ ಫಲಿಸಿದೆ. ಹುಣಸೆಮರದ ಸುತ್ತಮುತ್ತ ಈ ವರ್ಷ ಒಂದು ಅಂಗಡಿಗೂ ಬೆಂಕಿ ಬಿದ್ದಿಲ್ಲ."