ಕೇಳಿದಷ್ಟು ಸಲ ಮಡಿಸಿದ ಬೆರಳು

“ಕೇಳ್ರಪ್ಪೋ ಕೇಳಿ! ಆನೆ ಮೇಲಿಂದ ಬಿದ್ದು ತಲೆಗೆ ಪೆಟ್ಟಾದ ಕೆಂಪರಸರು ನಲವತ್ತು ದಿನದಿಂದ ಉಸಿರಾಡ್ತಿದ್ದಾರೆ, ಓಗೊಡ್ತಿಲ್ಲ. ರಾಜಕುಮಾರಿಯ ಮೂರು ಒಗಟು ಬಿಡಿಸಿ, ಒಳಗೆ ಅರಸರಿದ್ದಾರೆಂದು ತೋರಿಸಿದವರಿಗೆ ಕೇಳಿದ್ದು ಕೊಡಲಾಗುವುದು. ತಪ್ಪಿದವರ ತಲೆ ಹಾರೀತು!”

ಡಂಗುರಕ್ಕೆ ತಲೆಯ ಮಾತು ಸೇರಿಸಿದವನು ದಿವಾನ. ಅಮಾವಾಸ್ಯೆಗೆ ಅರಸನನ್ನು ಚಿತೆಗೇರಿಸಿ ತಾನು ಗದ್ದುಗೆ ಏರಬೇಕಲ್ಲ! ಕಿರಿರಾಣಿ ಆಗಲೇ ಅವನಿಗೆ ವೀಳ್ಯ ಮಡಿಸಿ ಕೊಡುತ್ತಿದ್ದಳು. ಗಂಡ ಹಾಸಿಗೆ ಹಿಡಿದವಳ ತುಟಿ ಅಷ್ಟು ಕೆಂಪಗೇಕೆಂದು ಊರಿಗೇ ಗೊತ್ತಿತ್ತು.

ರಾಜಕುಮಾರಿ ಕೇಳಿದಳು: “ಬಾಗಿಲು ತೆರೆದಿದೆ. ಯಜಮಾನ ಒಳಗಿದ್ದಾನೆಂದು ತಿಳಿಯುವುದು ಹೇಗೆ?”

“ತೆರೆದಿದ್ದ ಮೇಲೆ ಇದ್ದಾನೆ. ಅರಸರ ಕಣ್ಣು ತೆರೆದೇ ಇದೆಯಲ್ಲ!” ಎಂದ ಪಂಡಿತ. “ಖಾಲಿ ಮನೆಯ ಬಾಗಿಲೂ ತೆರೆದಿರುತ್ತದೆ,” ಎಂದಳು; ತಲೆ ಹಾರುವ ಅಮಾವಾಸ್ಯೆ ಕಾಯಲು ಪಂಡಿತ ಸೆರೆಮನೆಗೆ ಹೋದ.

ವೈದ್ಯ ಅರಸನ ಕಾಲು ಚಿವುಟಿದ. ಕಾಲು ಸೆಳೆದುಕೊಂಡಿತು. “ಇದ್ದಾರೆ!”

“ಮುಟ್ಟಿದರೆ ಮುನಿ ಗಿಡವೂ ಮುದುಡುತ್ತದೆ,” ಎಂದಳು ರಾಜಕುಮಾರಿ. “ಗಿಡಕ್ಕೂ ಒಡೆಯನಿಗೂ ಏನು ವ್ಯತ್ಯಾಸ? ಇದೇ ಎರಡನೆಯ ಒಗಟು.” ವೈದ್ಯ ಇನ್ನೊಮ್ಮೆ ಚಿವುಟಿದ. ಅವನೂ ಸೆರೆಗೆ.

ಆಮೇಲೆ ಬಂದವನು ಅರಮನೆಯ ಕ್ಷೌರಿಕ ಮುದ್ದಯ್ಯ. ದಿವಾನ ನಕ್ಕ: “ತಲೆ ಒಳಗಿನ ಸುದ್ದಿ ನಿನಗೇನೋ ಗೊತ್ತು?”

“ಹೊರಗಿಂದು ಗೊತ್ತು ಬುದ್ದಿ. ಹೊರಗಿಂದಲೇ ಕದ ತಟ್ತೀನಿ.”

ಕ್ಷೌರದ ಚೀಲ ಹಡಪದಿಂದ ಕನ್ನಡಿ ತೆಗೆದು ಅರಸನ ಮುಖಕ್ಕೆ ಹಿಡಿದು, ಮೆಲ್ಲಗೆ ಎಡಕ್ಕೆ ಸರಿಸಿದ. ದೀಪಕ್ಕೂ ತಿರುಗದಿದ್ದ ಕಣ್ಣು ಕನ್ನಡಿಯೊಳಗಿನ ತನ್ನ ಮುಖದ ಹಿಂದೆಯೇ ಹೊರಟಿತು. ಬಲಕ್ಕೆ ಸರಿಸಿದರೆ ಬಲಕ್ಕೆ.

“ಯಜಮಾನ ಇದ್ರೆ ಬಾಗಿಲಲ್ಲಿ ಇಣುಕಿ ನೋಡ್ತಾನೆ ತಾಯಿ.”

ಮೀಸೆಯ ಒಂದು ಕೂದಲು ಕಿತ್ತ. ಅರಸನ ಕೈ ತಡವರಿಸಿ ಎದ್ದು, ಅವನ ಬೆರಳನ್ನು ತಳ್ಳಿತು.

“ಗಿಡ ಮುದುಡುತ್ತೆ. ನೋಯಿಸಿದ ಕೈನ ಹುಡುಕ್ಕೊಂಡು ಬಂದು ತಳ್ಳಲ್ಲ.”

ರಾಜಕುಮಾರಿ ಮೂರನೆಯದನ್ನು ಕೇಳಿದಳು: “ಸಾವಿರ ಸಲ ‘ರಾಜಾಧಿರಾಜ’ ಎಂದು ಕರೆದೆವು. ಬಾರದವನನ್ನು ಕರೆತರುವ ಹೆಸರು ಯಾವುದು?”

ಹಿಂದೆ ತಲೆ ಕಡಿಯುವವನು ಕತ್ತಿ ಒರೆಸುತ್ತಿದ್ದ. ಅರಸನ ಮೊದಲ ಕೂದಲು ತೆಗೆದವನು ಮುದ್ದಯ್ಯನ ಅಪ್ಪ. ಅಂದು ಅಳುವ ಮಗುವನ್ನು ತಾಯಿ ರಮಿಸಿದ ಹೆಸರನ್ನು ಅಪ್ಪ ಮಗನಿಗೆ ಹೇಳಿದ್ದ. ಮುದ್ದಯ್ಯ ಬಗ್ಗಿ ಅರಸನ ಕಿವಿಯಲ್ಲಿ ಕರೆದ: “ಗುಂಡಣ್ಣಾ, ಬೆರಳು ಮಡಿಸಪ್ಪ.”

“ಅರಸರಿಗೆ ಅಡ್ಡಹೆಸರೇ! ಕಡೀರಿ!” ದಿವಾನ ಕಿರುಚಿದ.

ಬೆರಳು ಮಡಚಿತು.

“ಅದು ನಡುಕ!”

“ಈಗ ಎರಡು ಸಲ, ಗುಂಡಣ್ಣಾ.”

ಒಂದು. ತಡೆದು, ಇನ್ನೊಂದು. ಅಷ್ಟೇ.

“ಒಂದು ಸಲಕ್ಕೆ ನಡುಕ ಅನ್ನಿ ಬುದ್ದಿ. ಕೇಳಿದಷ್ಟೇ ಸಲ ಮಡಚಿದ್ರೆ, ಒಳಗೆ ಕೇಳೋರಿದ್ದಾರೆ.”

ಚಿತೆಯ ಸೌದೆ ಅಡುಗೆಮನೆಗೆ ಹೋಯಿತು, ಪಂಡಿತ ವೈದ್ಯರು ತಂತಮ್ಮ ಮನೆಗೆ. ಅರಸ ಮಾತಾಡಲು ಆರು ತಿಂಗಳು ಹಿಡಿಯಿತು. ಮೊದಲ ಮಾತೇ, “ನನ್ನ ಮಂಚದ ಪಕ್ಕ ಕೂತು ಅವರಿಬ್ಬರು ಆಡಿದ್ದೆಲ್ಲ ಕೇಳಿಸ್ತಿತ್ತು.”

ಕಿರಿರಾಣಿಯ ತುಟಿ ಬಿಳಿಚಿತು. ಮುದ್ದಯ್ಯನಿಗೆ ಏನು ಬೇಕೆಂದು ರಾಜಕುಮಾರಿ ಕೇಳಿದರೆ, “ದಿವಾನರ ತಲೆ” ಎಂದ. ಸಭೆ ಬೆಚ್ಚಿತು.

“ಕಡಿಯಕ್ಕಲ್ಲ ತಾಯಿ,” ಎನ್ನುತ್ತ ಮುದ್ದಯ್ಯ ಕತ್ತಿ ಮಸೆದ. “ಬೋಳಿಸಕ್ಕೆ.”