ಕೂಗಿದವನ ಪಾಲು

ಮುತ್ತುಗದ ಮರಗಳೇ ತುಂಬಿದ್ದ ಒಂದು ಕಾಡಿನಲ್ಲಿ ಸಣ್ಣವ್ವ ಎಂಬ ಮೊಲ ಊಟದೆಲೆ ಹಚ್ಚುವ ಚಿಕ್ಕದೊಂದು ಕಸುಬು ನಡೆಸುತ್ತಿದ್ದಳು. ಅಳಿಲುಗಳು ಮರ ಹತ್ತಿ ಎಲೆ ಕಿತ್ತು ಕೆಳಗೆ ಹಾಕುತ್ತಿದ್ದವು. ಮೊಲಗಳು ಕಡ್ಡಿ ಚುಚ್ಚಿ ಹಚ್ಚುತ್ತಿದ್ದವು. ಹೊನ್ನಿ ಎಂಬ ಜಿಂಕೆ ಆ ಎಲೆಗಳ ಮೇಲೆ ಮಲಗಿ ಅವನ್ನು ಒತ್ತಿ ಚಪ್ಪಟೆ ಮಾಡುತ್ತಿದ್ದಳು. ಅವಳು ತುಂಬು ಬಸುರಿ. ಓಡುವುದಿರಲಿ, ಎದ್ದು ನಿಲ್ಲುವುದಕ್ಕೇ ಅವಳಿಗೆ ಹೊತ್ತು ಬೇಕಿತ್ತು.

ಎಲ್ಲಕ್ಕಿಂತ ಮೇಲಿನ ಕೊಂಬೆಯಲ್ಲಿ ಕರಿಯಜ್ಜ ಎಂಬ ಮುದಿ ಮುಸುವ ಕೂತಿರುತ್ತಿದ್ದ. ಅವನು ಒಂದು ಎಲೆಯನ್ನೂ ಹಚ್ಚುತ್ತಿರಲಿಲ್ಲ. ಪೊದೆ ಅಲುಗಿದರೆ "ಖೆಕ್! ಖೆಕ್!" ಎಂದು ಕೂಗುವುದೇ ಅವನ ಕೆಲಸ. ಅವನು ಕೂಗಿದರೆ ಎಲ್ಲರೂ ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತಿದ್ದರು. ಎಷ್ಟೋ ಸಲ ಪೊದೆಯಿಂದ ಬರೀ ನವಿಲು ಹೊರಬರುತ್ತಿತ್ತು. ಆಗ ಎಲ್ಲರೂ ಅಜ್ಜನನ್ನು ಛೇಡಿಸಿ ನಗುತ್ತಾ ವಾಪಸು ಬರುತ್ತಿದ್ದರು. ಸಂಜೆ ಹಣ್ಣು ಹಂಚುವಾಗ ಅವನಿಗೂ ಎಲ್ಲರಷ್ಟೇ ಪಾಲು ಸಿಗುತ್ತಿತ್ತು.

ಒಮ್ಮೆ ಕರಡಿಗಳ ಮನೆಯಲ್ಲಿ ಮದುವೆ ಗೊತ್ತಾಯಿತು. "ಊಟದೆಲೆಯೆಲ್ಲ ನೀನೇ ಕೊಡಬೇಕು, ಬುಟ್ಟಿ ತುಂಬ ಜೇನು ಕೊಡ್ತೀವಿ" ಎಂದು ಕರಡಿಗಳು ಸಣ್ಣವ್ವನಿಗೆ ಹೇಳಿಕಳಿಸಿದವು. ಅಷ್ಟು ದೊಡ್ಡ ಕೆಲಸ ಅವಳಿಗೆ ಹಿಂದೆಂದೂ ಬಂದಿರಲಿಲ್ಲ. ಜೇನಿನ ಸುದ್ದಿ ಹಿಡಿದು ಜಂಬಣ್ಣ ಎಂಬ ನರಿ ಬಂದ. ಸಿಂಹದ ಒಡ್ಡೋಲಗದಲ್ಲೇ ಉಸ್ತುವಾರಿ ನೋಡಿಕೊಂಡವನು ತಾನು ಎಂದು ಹೇಳಿಕೊಂಡ. ಕೇಳಿ ನೋಡೋಣವೆಂದರೆ ಸಿಂಹ ಅಲ್ಲಿರಲಿಲ್ಲವಲ್ಲ!

ಜಂಬಣ್ಣ ದಿನವಿಡೀ ನೆರಳಲ್ಲಿ ಕೂತು ಎಲ್ಲರ ಕೆಲಸ ನೋಡಿದ. ಆಮೇಲೆ ಹೇಳಿದ:

"ಸಣ್ಣವ್ವನವರೇ, ನಿಮ್ಮ ಕೆಲಸ ಕೆಡಿಸ್ತಿರೋದು ಆ ಮುಸುವ. ಅವನು ಕೂಗಿದಾಗಲೆಲ್ಲ ಎಲ್ಲರೂ ಓಡ್ತಾರೆ. ಓಡೋರು ಎಲೆ ಹಚ್ತಾರಾ?"

"ಚಿರತೆ ಬಂದ್ರೆ?"

"ಎಲ್ಲಿ ಬಂತು? ಬಂದಿದ್ದೆಲ್ಲ ನವಿಲೇ ತಾನೆ? ಕೂಗಿದ ಮೇಲೆ ಏನೂ ಬರದಿದ್ರೆ ಅವತ್ತಿನ ಪಾಲು ಕಟ್ ಅನ್ನಿ. ಆಮೇಲೆ ಕೆಲಸ ಹೇಗೆ ಓಡುತ್ತೆ ನೋಡಿ. ನನಗೆ ಜೇನಿನಲ್ಲಿ ಅರ್ಧ ಕೊಟ್ರೆ ಸಾಕು."

ಸಣ್ಣವ್ವನ ಮನಸ್ಸು ಬೇಡ ಎಂದಿತು. ಆದರೆ ಮದುವೆ ಹತ್ತಿರ ಬರುತ್ತಿತ್ತು. ಅವಳು ಹೂಂ ಅಂದುಬಿಟ್ಟಳು.

ಮರುದಿನ ಕರಿಯಜ್ಜ ಕೂಗಿದ. ಕಾಡುಕೋಳಿ ಹೊರಬಂತು. ಸಂಜೆ ಅವನ ಕೈಗೆ ಹಣ್ಣು ಬರಲಿಲ್ಲ. ಇನ್ನೊಂದು ದಿನವೂ ಹಾಗೇ ಆಯಿತು. ಮುದಿ ಹೊಟ್ಟೆ ಹಸಿವು ತಾಳೀತೆ? ಅಜ್ಜ ಕೂಗುವ ಮೊದಲು ಯೋಚಿಸತೊಡಗಿದ. ನೆರಳು ಕಂಡರೆ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಕೂಗಲೂ ಭಯ, ಸುಮ್ಮನಿರಲೂ ಭಯ.

ಮರ ಸದ್ದಡಗಿತು. "ಅಬ್ಬ, ಎಂಥ ನೆಮ್ಮದಿ!" ಎಂದ ಜಂಬಣ್ಣ. ಅದು ನೆಮ್ಮದಿಯಾಗಿರಲಿಲ್ಲ. ಮೊಲಗಳು ಒಂದು ಕಡ್ಡಿ ಚುಚ್ಚಿದರೆ ಒಂದು ಸಲ ಕತ್ತೆತ್ತಿ ಸುತ್ತ ನೋಡುತ್ತಿದ್ದವು. ಕಣ್ಣು ಅತ್ತಿತ್ತ ಹೋದಾಗ ಕಡ್ಡಿ ನೆಟ್ಟಗೆ ಕೂರುತ್ತಿರಲಿಲ್ಲ. ಹಚ್ಚಿದ ಎಲೆ ಎತ್ತಿದರೆ ಬಿಚ್ಚಿಕೊಳ್ಳುತ್ತಿತ್ತು. ಹೊನ್ನಿಯಂತೂ ಗಳಿಗೆಗೊಮ್ಮೆ ಮೇಲೆ ನೋಡಿ ಕೇಳುತ್ತಿದ್ದಳು: "ಅಜ್ಜಾ, ಇದೀಯಾ?"

"ಇದೀನಿ ಮಗಾ."

ಒಂದು ಬೆಳಿಗ್ಗೆ ಅಳಿಲೊಂದು ಏದುಸಿರು ಬಿಡುತ್ತಾ ಬಂತು. "ಹಳ್ಳದ ಕೆಸರಲ್ಲಿ ಹೆಜ್ಜೆ ಇದೆ! ನನ್ನ ಇಡೀ ಮೈ ಅದರೊಳಗೆ ಹಿಡಿಸುತ್ತೆ!"

ಜಂಬಣ್ಣ ತಾನೊಬ್ಬನೇ ಹೋಗಿ ನೋಡಿದ. ಅವನ ಮೈಕೂದಲೂ ನಿಮಿರಿತು. ಆದರೆ ಜೇನು ನೆನಪಾಯಿತು. ಬಾಲದಿಂದ ಹೆಜ್ಜೆಗಳನ್ನು ಗುಡಿಸಿಹಾಕಿದ. "ನಾನೇ ನೋಡಿ ಬಂದೆ, ಅಲ್ಲಿ ಏನೂ ಇಲ್ಲ" ಎಂದು ಎಲ್ಲರಿಗೂ ಹೇಳಿದ. ಕೇಳಿದವರಿಗೆಲ್ಲ ಅದನ್ನೇ ಹೇಳಿ ಹೇಳಿ ಕೊನೆಗೆ ತಾನೂ ನಂಬಿಬಿಟ್ಟ.

ಅದೇ ಮಧ್ಯಾಹ್ನ ಗಾಳಿ ನಿಂತಿತು. ಹಕ್ಕಿಗಳ ಸದ್ದು ನಿಂತಿತು. ಒಣಹುಲ್ಲಿನ ನಡುವೆ ಬಾಲದ ತುದಿಯೊಂದು ಸುರುಳಿ ಸುತ್ತಿದ್ದನ್ನು ಕರಿಯಜ್ಜ ಕಂಡ. ಮತ್ತೆ ನೋಡಿದಾಗ ಅದು ಇರಲಿಲ್ಲ. ಇದೂ ನವಿಲಾದರೆ? ಇವತ್ತೂ ಉಪವಾಸವೆ?

"ಅಜ್ಜಾ, ಇದೀಯಾ?" ಎಂದಳು ಹೊನ್ನಿ.

ಅಜ್ಜ ಕೊಂಬೆಯ ತುದಿಗೆ ಸರಿದು ಹುಲ್ಲನ್ನೇ ನೋಡಿದ. ಹುಲ್ಲು ಮತ್ತೆ ಅಲುಗಿತು. ಈ ಸಲ ಹತ್ತಿರದಲ್ಲೇ, ನೇರ ಹೊನ್ನಿಯ ಕಡೆಗೆ.

ಪಾಲು ಹಾಳಾಗಿ ಹೋಗಲಿ ಎಂದುಕೊಂಡ ಅಜ್ಜ ಎದೆ ಬಿರಿಯುವಂತೆ ಕೂಗಿದ. "ಖೆಕ್! ಖೆಕ್! ಖೆಕ್!"

ಮೊಲಗಳು ಬಿಲ ಸೇರಿದವು. ಹೊನ್ನಿ ಎದ್ದಳು, ಮುಗ್ಗರಿಸಿದಳು, ಮತ್ತೆ ಎದ್ದು ಓಡಿದಳು. ಓಡದೆ ನಿಂತವನು ಜಂಬಣ್ಣ ಒಬ್ಬನೇ. ಅವನು ಹುಲ್ಲಿಗೆ ಬೆನ್ನು ಹಾಕಿ ಮರದ ಕಡೆ ಕೆಂಗಣ್ಣು ಬಿಟ್ಟ.

"ಯಾರೋ ನಿನಗೆ ಕೂಗು ಅಂದೋರು? ಇವತ್ತಿನ ಪಾಲು ಕಟ್!"

"ಜಂಬಣ್ಣಾ, ನಿನ್ನ ಹಿಂದೆ!"

"ಬಾಯಿ ಮುಚ್ಚು! ನಾಳೆದೂ ಕ—"

ಆ ಮಾತು ಮುಗಿಯಲಿಲ್ಲ. ಹಚ್ಚಿದ ಎಲೆಗಳೆಲ್ಲ ಒಮ್ಮೆಗೇ ಹಾರಿ ಚೆದುರಿದವು. ಅವು ನೆಲಕ್ಕೆ ಬೀಳುವಷ್ಟರಲ್ಲಿ ಅಲ್ಲಿ ನರಿಯೂ ಇರಲಿಲ್ಲ, ಚಿರತೆಯೂ ಇರಲಿಲ್ಲ.

ಬಹಳ ಹೊತ್ತು ಯಾರೂ ಹೊರಗೆ ಬರಲಿಲ್ಲ. ಮೊದಲು ಬಂದವಳು ಸಣ್ಣವ್ವ. ಪೊದೆಗಳಾಚೆ ಹೊನ್ನಿ ಏದುಸಿರು ಬಿಡುತ್ತಾ ನಿಂತಿದ್ದನ್ನು ಕಂಡಾಗ ಅವಳಿಗೆ ಅಳು ಬಂತು. ಮರದ ಬುಡಕ್ಕೆ ಹೋಗಿ ಹೇಳಿದಳು: "ಅಜ್ಜಾ, ತಪ್ಪು ನನ್ನದು. ಇನ್ನು ಮೇಲೆ ನವಿಲು ಬಂದ್ರೂ ಕೂಗು."

"ಇವತ್ತು ತಡ ಮಾಡಿದೆ ಕಣವ್ವ" ಎಂದ ಅಜ್ಜ. "ಬಾಲ ಕಂಡಾಗಲೇ ಕೂಗಬೇಕಿತ್ತು. ಹಸಿವಿಗೆ ಹೆದರಿದೆ."

ತಮ್ಮಿಂದ ಎಷ್ಟು ಎಲೆ ಆಗುತ್ತದೋ ಅಷ್ಟನ್ನೇ ಕೊಡುವುದಾಗಿ ಸಣ್ಣವ್ವ ಕರಡಿಗಳಿಗೆ ಹೇಳಿಕಳಿಸಿದಳು. ಸಂಜೆ ಹಣ್ಣು ಹಂಚುವಾಗ ಮೊದಲ ಪಾಲು ಕರಿಯಜ್ಜನಿಗೆ ಹೋಯಿತು.

ಮರುದಿನ ಬೆಳಿಗ್ಗೆ ಪೊದೆ ಅಲುಗಿತು. ಅಜ್ಜ ಕೂಗಿದ. ಎಲ್ಲರೂ ಓಡಿದರು. ಪೊದೆಯಿಂದ ನವಿಲು ಹೊರಬಂತು. ಈ ಸಲ ಯಾರೂ ನಗಲಿಲ್ಲ.

ನೀತಿ: ಕೆಟ್ಟ ಸುದ್ದಿ ತಂದವನಿಗೆ ದಂಡ ಹಾಕಿದರೆ ಸುದ್ದಿ ಬರುವುದು ನಿಲ್ಲುತ್ತದೆ, ಕೇಡು ಬರುವುದು ನಿಲ್ಲುವುದಿಲ್ಲ.